ಉಪ್ಪಿನಕಾಯಿಯ ಮನೆ, ಅಂಗೈಯ ಸಂತೆ



ಸಣ್ಣ ಪ್ರಮಾಣದಲ್ಲಿ ವ್ಯಾಪಾರ ಮಾಡುವವರು ಸಾಮಾಜಿಕ ಜಾಲತಾಣಗಳಲ್ಲಿ ದಿನದಿನವೂ ಪ್ರಕಟಿಸತಕ್ಕ ಸಾಮಗ್ರಿಯನ್ನು ಎಲ್ಲಿಂದ ಸಂಪಾದಿಸಿಕೊಳ್ಳಬೇಕು ಎಂಬುದು ಇಂದಿನ ಭಾಷಣದ ವಿಷಯ. ಕೇಳಿದೊಡನೆ ಇದು ಕಿರಿಯ ವಿಷಯವೆಂದು ತೋರಬಹುದು. ಆದರೆ ಮನೆಯಲ್ಲಿಯೇ ಹಪ್ಪಳ ಸಂಡಿಗೆಗಳನ್ನು ಮಾಡಿ ಮಾರುವ ಗೃಹಿಣಿ, ಪೇಟೆಯ ಮೂಲೆಯಲ್ಲಿ ಎರಡು ಮೂರು ಹೊಲಿಗೆಯಂತ್ರಗಳನ್ನಿಟ್ಟುಕೊಂಡಿರುವ ದರ್ಜಿ, ಹೂವಿನ ಸಸಿಗಳನ್ನು ಬೆಳೆಸಿ ಊರೂರಿಗೆ ಕಳುಹಿಸುವ ತರುಣ, ಇವರೆಲ್ಲರೂ ಹಗಲಿನ ದುಡಿಮೆಯನ್ನು ಮುಗಿಸಿ ಮಲಗುವ ಹೊತ್ತಿಗೆ ‘ನಾಳೆ ಏನು ಹಾಕುವುದು?’ ಎಂದು ಚಿಂತಿಸುತ್ತ ಫೋನನ್ನು ದಿಟ್ಟಿಸುತ್ತಿರುವುದನ್ನು ಕಂಡವರಿಗೆ ಇದು ಅಷ್ಟು ಕಿರಿಯದೆಂದು ತೋರದು.

ಹಿಂದೆ ಸಂತೆ ವಾರಕ್ಕೊಮ್ಮೆ ಕೂಡುತ್ತಿತ್ತು. ವ್ಯಾಪಾರಿಯಾದವನು ಅಂದು ಗಂಟಲು ಹರಿಯುವಂತೆ ಕೂಗಿ, ಸಂಜೆಗೆ ಗಂಟು ಕಟ್ಟಿಕೊಂಡು ಊರಿಗೆ ಹೊರಟನೆಂದರೆ ಮುಂದಿನ ವಾರದವರೆಗೆ ಅವನ ಬಾಯಿಗೆ ವಿಶ್ರಾಂತಿಯಿತ್ತು. ಈಗಿನ ಸಂತೆಯಾದರೋ ಜನರ ಅಂಗೈಯಲ್ಲಿಯೇ ಅಹೋರಾತ್ರಿ ತೆರೆದಿರುತ್ತದೆ. 2010ರ ಅಕ್ಟೋಬರಿನಲ್ಲಿ ಚಿತ್ರಗಳನ್ನು ಹಂಚಿಕೊಳ್ಳುವ ವಿನೋದಕ್ಕಾಗಿ ಹುಟ್ಟಿದ ಇನ್‌ಸ್ಟಾಗ್ರಾಂ ಕಾಲಕ್ರಮದಲ್ಲಿ ಅಂಗಡಿಬೀದಿಯಾಯಿತು. 2018ರ ಜನವರಿಯಲ್ಲಿ ಸಣ್ಣ ವ್ಯಾಪಾರಿಗಳಿಗೆಂದೇ ವಾಟ್ಸ್ಆಪ್ ಬಿಸಿನೆಸ್ ಬಂದಿತು. 2020ರ ಜೂನ್ ಕೊನೆಯಲ್ಲಿ ನಮ್ಮ ದೇಶದಲ್ಲಿ ಟಿಕ್‌ಟಾಕ್ ನಿಷಿದ್ಧವಾದ ಮರುತಿಂಗಳೇ ಇನ್‌ಸ್ಟಾಗ್ರಾಂನವರು ರೀಲ್ಸ್ ಎಂಬ ಕಿರುಚಿತ್ರಗಳ ಏರ್ಪಾಟನ್ನು ಇಲ್ಲಿ ತೆರೆದರು. ಹೀಗೆ ಬಾಗಿಲುಗಳು ಒಂದೊಂದಾಗಿ ತೆರೆದುಕೊಂಡವು. ತೆರೆದ ಬಾಗಿಲಲ್ಲಿ ನಿಂತು ಆಡಬೇಕಾದ ಮಾತು ಯಾವುದೆಂಬುದನ್ನು ಮಾತ್ರ ಯಾರೂ ಹೇಳಿಕೊಡಲಿಲ್ಲ.

ಹೇಳಿಕೊಡಲಿಲ್ಲವೆಂದರೆ ಪೂರ್ತಿ ಸತ್ಯವಾಗದು. ಹೇಳಿಕೊಡುವವರು ಬೇಕಾದಷ್ಟು ಜನರಿದ್ದಾರೆ. ಸೋಮವಾರ ಸುಭಾಷಿತವನ್ನು ಹಾಕಿರಿ, ಮಂಗಳವಾರ ಗಿರಾಕಿಯ ಪ್ರಶಂಸೆಯನ್ನು ಹಾಕಿರಿ, ಬುಧವಾರ ರಿಯಾಯಿತಿಯನ್ನು ಘೋಷಿಸಿರಿ ಎಂದು ಅವರು ಪಟ್ಟಿ ಬರೆದುಕೊಡುತ್ತಾರೆ. ಅದೇ ಪಟ್ಟಿಯನ್ನು ಈಚೆಗೆ ಯಂತ್ರವೂ ಕ್ಷಣಾರ್ಧದಲ್ಲಿ ಬರೆದುಕೊಡುತ್ತದೆ. ಪಟ್ಟಿಯಲ್ಲಿ ತಪ್ಪೇನೂ ಇರುವುದಿಲ್ಲ. ಆದರೆ ಅದು ಮೇಣದಬತ್ತಿ ಮಾರುವವನಿಗೂ ಮಜ್ಜಿಗೆಮೆಣಸು ಮಾರುವವಳಿಗೂ ಏಕಪ್ರಕಾರವಾಗಿ ಸಲ್ಲುತ್ತದೆ. ಎಲ್ಲರಿಗೂ ಸಲ್ಲುವ ಮಾತನ್ನು ನಿಂತು ಕೇಳುವವರು ಯಾರು? ಆದಕಾರಣ ಈ ದಿನ ನಾನು ಪಟ್ಟಿಯನ್ನು ಕೊಡುವ ಗೋಜಿಗೆ ಹೋಗದೆ, ಒಂದು ನಿರ್ದಿಷ್ಟ ಕಸುಬನ್ನು ಹಿಡಿದುಕೊಂಡು, ಅದರೊಳಗೆ ಎಷ್ಟು ಮಾತು ಅಡಗಿದೆಯೆಂಬುದನ್ನು ನಿಮ್ಮೊಡನೆ ವಿಚಾರಿಸಬೇಕೆಂದಿದ್ದೇನೆ.

ಸಾಗರದ ಕಡೆಯದೋ ಸಿರ್ಸಿಯ ಕಡೆಯದೋ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಆ ಮನೆಯ ಯಜಮಾನಿತಿ ಅಪ್ಪೆಮಿಡಿಯೆಂಬ ಎಳೆಮಾವಿನ ಉಪ್ಪಿನಕಾಯಿಯನ್ನು ಹಾಕುವುದರಲ್ಲಿ ಕೈ ಪಳಗಿದವಳು. ಮೊದಲು ನೆಂಟರಿಗೆ, ಆಮೇಲೆ ನೆಂಟರ ನೆರೆಯವರಿಗೆ, ಅದಕ್ಕೂ ಆಮೇಲೆ ಹೆಸರನ್ನೇ ಕೇಳಿರದ ಬೆಂಗಳೂರಿನ ಬಡಾವಣೆಯವರಿಗೆ ಬಾಟಲಿಗಳನ್ನು ಕಳುಹಿಸುತ್ತ ಬಂದು, ಈಗ ಮಗಳ ಒತ್ತಾಯದಿಂದ ಜಾಲತಾಣದಲ್ಲಿ ಒಂದು ಖಾತೆಯನ್ನು ತೆರೆದಿದ್ದಾಳೆ. ಬಾಟಲಿಯನ್ನು ಎದುರಿನಿಂದ ತೆಗೆದ ಚಿತ್ರ ಒಂದು, ಪಕ್ಕದಿಂದ ತೆಗೆದದ್ದು ಇನ್ನೊಂದು, ಹಬ್ಬದ ಶುಭಾಶಯ ಮತ್ತೊಂದು. ಇಷ್ಟಾಗುವಷ್ಟರಲ್ಲಿ ಸರಕು ಮುಗಿಯಿತು. ಉಪ್ಪಿನಕಾಯಿಯಲ್ಲ, ಮಾತಿನ ಸರಕು. ‘ನಮ್ಮದು ದಿನಾ ಅದೇ ಕೆಲಸ, ಅದರಲ್ಲಿ ಹೇಳೋದಕ್ಕೆ ಏನಿದೆ?’ ಎಂಬುದು ಅವಳ ಅಳಲು.

ಈ ಅಳಲಿನಲ್ಲಿಯೇ ಸಮಸ್ಯೆಯ ಮೂಲವಿದೆಯೆಂದು ನನ್ನ ಎಣಿಕೆ. ಹುಟ್ಟಿದಂದಿನಿಂದ ಕಂಡುಬಂದಿರುವುದು ಕಣ್ಣಿಗೆ ಕಾಣಿಸುವುದಿಲ್ಲ. ಅಪ್ಪೆಯ ಮರ ನೆಟ್ಟು ಬೆಳೆಸಿದ ತೋಟದಲ್ಲಿರುವುದು ಅಪರೂಪ. ಅಘನಾಶಿನಿ, ಶರಾವತಿ, ವರದೆ ಮುಂತಾದ ಹೊಳೆಗಳ ದಂಡೆಯಲ್ಲಿಯೂ ಅವನ್ನು ಕೂಡುವ ಹಳ್ಳಗಳ ಬದಿಯಲ್ಲಿಯೂ ತಾನಾಗಿ ಹುಟ್ಟಿ ಆಕಾಶಕ್ಕೇರಿದ ಮರವದು. ಒಂದು ಮರದ ಮಿಡಿಯನ್ನು ಮುರಿದರೆ ಜೀರಿಗೆಯ ಪರಿಮಳ. ಇನ್ನೊಂದರ ಸೊನೆಯಲ್ಲಿ ಕರ್ಪೂರದ ವಾಸನೆ. ಒಂದು ವರ್ಷ ಕೈತುಂಬ ಕೊಟ್ಟ ಮರ ಮರುವರ್ಷ ಕೈಯಾಡಿಸಿಬಿಡುವುದುಂಟು. ಓಟೆ ಗಟ್ಟಿಯಾಗುವ ಮುಂಚೆ, ತೊಟ್ಟಿನ ಸಮೇತವಾಗಿ, ನೆಲಕ್ಕೆ ಬಿದ್ದು ಜಜ್ಜಿಹೋಗದಂತೆ ಅದನ್ನು ಕೊಯ್ದು, ಚೀಲಕ್ಕೋ ಬುಟ್ಟಿಗೋ ಹಗ್ಗ ಕಟ್ಟಿ ಕೆಳಗಿಳಿಸಬೇಕು. ಆ ಎತ್ತರದಲ್ಲಿ ಕೊಂಬೆಯ ಸಪೂರತನದೊಡನೆ ಚಗಳಿ ಇರುವೆಗಳ ಪ್ರೀತಿಯನ್ನೂ ಸಹಿಸಿಕೊಳ್ಳಬೇಕು. ಆಮೇಲೆ ತೊಳೆದು ಒರಸಿ, ಕಲ್ಲುಪ್ಪಿನೊಡನೆ ಪದರಪದರವಾಗಿ ಭರಣಿಗೆ ತುಂಬಿ, ನೀರು ಬಿಟ್ಟುಕೊಂಡಂತೆ ದಿನವೂ ತಿರುವಿ, ಮಿಡಿ ಚಿರುಟುವವರೆಗೆ ಕಾದು, ಆ ಉಪ್ಪುನೀರನ್ನು ಕಾಯಿಸಿ ಆರಿಸಿ, ಸಾಸಿವೆ ಮೆಣಸುಗಳನ್ನು ಅದರಲ್ಲಿಯೇ ಅರೆದು ಬೆರೆಸುವಷ್ಟರಲ್ಲಿ ವಾರಗಳು ಕಳೆದಿರುತ್ತವೆ. ಇಷ್ಟನ್ನು ಬಲ್ಲವಳು ಹೇಳುವುದಕ್ಕೆ ಏನೂ ಇಲ್ಲವೆನ್ನುತ್ತಾಳೆ! ಮರವನ್ನೇ ಕಾಣದೆ ಹತ್ತನೆಯ ಅಂತಸ್ತಿನಲ್ಲಿ ವಾಸಿಸುವ ಗಿರಾಕಿಗೆ ಇದರಲ್ಲಿ ಒಂದೊಂದು ಹೆಜ್ಜೆಯೂ ಒಂದೊಂದು ಸಮಾಚಾರ.

ಇದರಲ್ಲೊಂದು ತೊಡಕುಂಟು. ಮಿಡಿಯ ಕಾಲ ಬಹು ಅಲ್ಪ. ಮಾಘದ ಕೊನೆಯಿಂದ ಚೈತ್ರದವರೆಗೆ ಏಳೆಂಟು ವಾರ ದೊರೆತರೆ ಪುಣ್ಯ; ಆ ವಾರಗಳಲ್ಲಿ ಮನೆಯವರಿಗೆ ಊಟಕ್ಕೆ ಕುಳಿತುಕೊಳ್ಳುವಷ್ಟು ಬಿಡುವಿರುವುದಿಲ್ಲ, ಇನ್ನು ಬರೆಯುವುದೆಲ್ಲಿಂದ ಬಂತು? ಬಿಡುವಾಗುವುದು ಆಷಾಢದ ಜಡಿಮಳೆಯಲ್ಲಿ. ಆಗ ತೋರಿಸೋಣವೆಂದರೆ ಮರದಲ್ಲಿ ಮಿಡಿಯಿಲ್ಲ, ಅಂಗಳದಲ್ಲಿ ಬಿಸಿಲಿಲ್ಲ. ಆದ್ದರಿಂದ ಆಕೆ ಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟುಕೊಳ್ಳುವಂತೆಯೇ ಚಿತ್ರಗಳನ್ನೂ ಹಾಕಿಟ್ಟುಕೊಳ್ಳಬೇಕು. ಮರ ಹತ್ತುವ ದಿನ ಫೋನು ಹಿಡಿಯುವ ಕೆಲಸವನ್ನು ಮನೆಯ ಹುಡುಗನಿಗೆ ವಹಿಸಿ, ಕೊಯ್ಲು, ಇಳಿಸುವುದು, ಆರಿಸುವುದು, ತೊಳೆಯುವುದು, ಭರಣಿ ತುಂಬುವುದು, ಇವುಗಳ ತುಣುಕುಗಳನ್ನು ತೆಗೆದಿಡಿಸಿದರಾಯಿತು. ಒಂದೊಂದೂ ಅರ್ಧ ನಿಮಿಷಕ್ಕೆ ಮೀರಬೇಕಾಗಿಲ್ಲ. ತೆಗೆದ ದಿನವೇ ಪ್ರಕಟಿಸಬೇಕೆಂಬ ನಿಯಮವನ್ನು ಯಾರೂ ಮಾಡಿಲ್ಲ. ಮಳೆಗಾಲದ ಒಂದು ಸಂಜೆ, ‘ಈಗ ನಿಮ್ಮ ತಟ್ಟೆಯಲ್ಲಿರುವ ಮಿಡಿ ಫಾಲ್ಗುಣದಲ್ಲಿ ಹೀಗಿತ್ತು’ ಎಂಬ ಒಂದು ವಾಕ್ಯದೊಡನೆ ಆ ಚಿತ್ರ ಹೊರಬಂದರೆ, ಗಂಜಿಗೆ ಉಪ್ಪಿನಕಾಯಿಯನ್ನು ನಂಚಿಕೊಳ್ಳುತ್ತಿರುವವನು ಅದನ್ನು ನೋಡದೆ ಬೆರಳು ಸರಿಸಲಾರನು. ಚಿತ್ರಕ್ಕೆ ತಾರೀಖನ್ನು ಮಾತ್ರ ಪ್ರಾಮಾಣಿಕವಾಗಿ ನಮೂದಿಸಬೇಕು. ಹಳೆಯದನ್ನು ಇಂದಿನದೆಂದು ತೋರಿಸುವುದು ವ್ಯಾಪಾರಕ್ಕೆ ಒಳ್ಳೆಯದಲ್ಲ.

ಸಾಮಗ್ರಿಯ ಎರಡನೆಯ ಆಕರ ಇದಕ್ಕಿಂತಲೂ ದೊಡ್ಡದು. ಅದು ಗಿರಾಕಿಯ ಪ್ರಶ್ನೆ. ಈ ವಿಷಯದಲ್ಲಿ ಬಾನುಲಿಯ ಭಾಷಣಕಾರನಿಗಿಂತ ಉಪ್ಪಿನಕಾಯಿಯ ಗೃಹಿಣಿ ಭಾಗ್ಯವಂತೆ. ನಾನು ಈ ಕೊಠಡಿಯಲ್ಲಿ ಕುಳಿತು ಆಡುತ್ತಿರುವ ಮಾತನ್ನು ಕೇಳಿ ನೀವು ಆಕಳಿಸಿದರೂ ನನಗೆ ತಿಳಿಯದು. ಅವಳು ಏನನ್ನಾದರೂ ಪ್ರಕಟಿಸಿದ ಮರುಗಳಿಗೆಯಲ್ಲಿಯೇ ಪ್ರಶ್ನೆಗಳು ಬಂದು ಬೀಳುತ್ತವೆ. ‘ಅಕ್ಕಾ, ಇದಕ್ಕೆ ಎಣ್ಣೆ ಹಾಕೋದಿಲ್ವಾ?’ ‘ಫ್ರಿಜ್ಜಿನಲ್ಲಿ ಇಡಬೇಕಾ?’ ‘ಕೊರಿಯರಿನಲ್ಲಿ ಸೋರಿಬಿಟ್ಟರೆ?’ ‘ಮೇಲೆ ಬಿಳಿ ಪೊರೆ ಕಟ್ಟಿದೆಯಲ್ಲ, ಯಾಕೆ?’ ‘ಮಗ ಅಮೆರಿಕಕ್ಕೆ ಹೊರಟಿದ್ದಾನೆ, ಪೆಟ್ಟಿಗೆಯಲ್ಲಿ ಹೇಗೆ ಕಟ್ಟಿ ಕಳಿಸಲಿ?’ ಅವಳು ಇವುಗಳಿಗೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಬರೆದು ದಣಿಯುತ್ತಾಳೆ. ದಣಿದ ಮೇಲೆ, ಪ್ರಕಟಿಸುವುದಕ್ಕೆ ಏನೂ ಇಲ್ಲವೆಂದು ಕೊರಗುತ್ತಾಳೆ. ಲೆಕ್ಕದ ಪುಸ್ತಕದ ಪಕ್ಕದಲ್ಲಿ ಇನ್ನೊಂದು ನೋಟುಬುಕ್ಕನ್ನಿಟ್ಟು, ಬಂದ ಪ್ರಶ್ನೆಯನ್ನು ಬಂದ ಮಾತಿನಲ್ಲಿಯೇ, ತಿದ್ದದೆ, ಬರೆದುಕೊಳ್ಳುತ್ತ ಹೋದರೆ ಆರು ತಿಂಗಳಿಗಾಗುವಷ್ಟು ವಿಷಯ ಅಲ್ಲಿಯೇ ಕೂಡಿರುತ್ತದೆ. ತಿದ್ದದೆ ಎಂದು ಒತ್ತಿ ಹೇಳುವುದಕ್ಕೆ ಕಾರಣವುಂಟು: ಗಿರಾಕಿ ‘ಪೊರೆ’ ಎಂದು ಕೇಳಿದ್ದನ್ನು ನಾವು ‘ಸಂರಕ್ಷಣಾ ವಿಧಾನ’ ಎಂಬ ಶೀರ್ಷಿಕೆಯಲ್ಲಿ ಉತ್ತರಿಸಿದರೆ, ಉತ್ತರ ಕೇಳಿದವನಿಗೆ ತಲುಪದೆ ಮೇಲೆ ಮೇಲೆಯೇ ಹಾದುಹೋಗುತ್ತದೆ.

ಪ್ರಶ್ನೆಗಳಲ್ಲೆಲ್ಲ ವ್ಯಾಪಾರಿಯನ್ನು ಅತ್ಯಂತ ನೋಯಿಸುವ ಪ್ರಶ್ನೆ ಒಂದಿದೆ: ‘ಇಷ್ಟೊಂದು ರೇಟಾ? ಅಂಗಡಿಯಲ್ಲಿ ಅರ್ಧಕ್ಕೆ ಸಿಗುತ್ತದೆಯಲ್ಲ!’ ಇದನ್ನು ಓದಿ ಸಿಡುಕುವವರುಂಟು, ಮೌನ ವಹಿಸುವವರುಂಟು, ಹೆದರಿ ಬೆಲೆಯಿಳಿಸುವವರೂ ಉಂಟು. ನನ್ನ ಮಟ್ಟಿಗೆ ಇದರಷ್ಟು ಫಲವತ್ತಾದ ಪ್ರಶ್ನೆ ಬೇರೊಂದಿಲ್ಲ. ಏಕೆಂದರೆ ಇದಕ್ಕೆ ಉತ್ತರ ಹೇಳಹೊರಟರೆ ಕಸುಬಿನ ಸಮಸ್ತವನ್ನೂ ಹೇಳಬೇಕಾಗುತ್ತದೆ: ಮಿಡಿ ನೂರರ ಲೆಕ್ಕದಲ್ಲಿ ಕೈಬದಲಾಯಿಸುವುದು, ಮರ ಹತ್ತುವವರು ವರ್ಷದಿಂದ ವರ್ಷಕ್ಕೆ ವಿರಳವಾಗುತ್ತಿರುವುದು, ಮರ ಒಂದು ವರ್ಷ ಬಿಟ್ಟು ಒಂದು ವರ್ಷ ಮುನಿಯುವುದು, ತೊಟ್ಟು ಮುರಿದದ್ದನ್ನೂ ಜಜ್ಜಿದ್ದನ್ನೂ ಆರಿಸಿ ತೆಗೆದ ಮೇಲೆ ಉಳಿಯುವುದೆಷ್ಟೆಂಬುದು. ಆರಿಸಿದ ರಾಶಿಯನ್ನೂ ತೆಗೆದುಹಾಕಿದ ರಾಶಿಯನ್ನೂ ಅಕ್ಕಪಕ್ಕದಲ್ಲಿ ಸುರುವಿ ತೆಗೆದ ಒಂದೇ ಒಂದು ಚಿತ್ರ ಎಷ್ಟೋ ಪುಟಗಳ ಸಮರ್ಥನೆಗಿಂತ ಮೇಲು. ಕೇಳಿದವರ ಹೆಸರನ್ನೆತ್ತಬಾರದು, ವ್ಯಂಗ್ಯವಾಡಬಾರದು. ‘ಹಲವರು ಕೇಳುತ್ತಿದ್ದಾರೆ, ಅದಕ್ಕಾಗಿ ಹೇಳುತ್ತಿದ್ದೇನೆ’ ಎಂದು ಆರಂಭಿಸಿದರೆ ಸಾಕು. ಇಷ್ಟು ಹೇಳಿದ ಮೇಲೂ ಕೊಳ್ಳದವರು ಕೊಳ್ಳದೆ ಹೋಗಲಿ. ಕೊಳ್ಳುವವರು ಮಾತ್ರ ಮುಂದೆ ಚೌಕಾಸಿ ಮಾಡುವುದಕ್ಕೆ ನಾಚುತ್ತಾರೆ.

ಮಾಡುವ ರೀತಿಯನ್ನು ಎಲ್ಲರಿಗೂ ತೋರಿಸಿಬಿಟ್ಟರೆ ಗುಟ್ಟು ಹೊರಬೀಳುವುದಿಲ್ಲವೇ ಎಂದು ಕೇಳುವವರಿದ್ದಾರೆ. ಈ ಸಂದೇಹ ಜಾಲತಾಣದಷ್ಟು ಹೊಸದಲ್ಲ. ಬೆಂಗಳೂರಿನ ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮ್ಸನ್ನು ನಿಮ್ಮಲ್ಲಿ ಬಹುಮಂದಿ ಬಲ್ಲಿರಿ. 1924ರಲ್ಲಿ ಆರಂಭವಾದ ಫಲಾಹಾರಮಂದಿರದಿಂದ ಬೆಳೆದುಬಂದ ಸಂಸ್ಥೆಯದು. ಅದನ್ನು ನಡೆಸುತ್ತಿದ್ದ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪಿನ ಪ್ರವಾಸ ಮಾಡಿ, ಅಲ್ಲಿಯ ಉಪಾಹಾರಗೃಹಗಳ ಶುಚಿತ್ವವನ್ನು ಕಂಡು ಬಂದು, ಇಲ್ಲಿಯೂ ಅದನ್ನೇ ವ್ರತವಾಗಿ ಹಿಡಿದರು. ಊಟಕ್ಕೆ ಬಂದವರು ಅಡುಗೆಯ ಮನೆಯನ್ನು ಹಾದು ಒಳಗೆ ಹೋಗುವ ಪದ್ಧತಿ ಅಲ್ಲಿ ಪ್ರಸಿದ್ಧವಾಗಿತ್ತು. ಅಡುಗೆಮನೆಯನ್ನು ಕಂಡವರೆಲ್ಲ ಮನೆಗೆ ಹೋಗಿ ಹೋಟೆಲು ತೆರೆಯಲಿಲ್ಲ. ಮತ್ತೆ ಅಲ್ಲಿಗೇ ಬಂದು ಸಾಲುಗಟ್ಟಿ ಕಾದು ಕುಳಿತರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಮಯ್ಯರು ಕ್ಯಾಮರಾ ಇಲ್ಲದೆಯೇ ದಿನಕ್ಕೆ ನೂರಾರು ಜನರಿಗೆ ರೀಲ್ಸು ತೋರಿಸುತ್ತಿದ್ದರು. ಸಾಸಿವೆ ಮೆಣಸುಗಳ ಪ್ರಮಾಣವನ್ನು ಬೇಕಾದರೆ ನಮ್ಮ ಗೃಹಿಣಿ ಹೇಳದಿರಲಿ. ಭರಣಿಯನ್ನು ಬಿಸಿಲಿಗಿಟ್ಟು ಒಣಗಿಸುವುದನ್ನೂ, ಒದ್ದೆ ಸೌಟನ್ನು ಹತ್ತಿರ ಬಿಡದಿರುವುದನ್ನೂ ತೋರಿಸಿದರೆ ಅವಳಿಗೆ ನಷ್ಟವಿಲ್ಲ.

ತೋರಿಸುವಾಗ ಮರೆಯಬಾರದ ಒಂದು ಮರ್ಯಾದೆಯಿದೆ. ಮರ ಹತ್ತಿದವನು, ಮೆಣಸಿನ ತೊಟ್ಟು ಬಿಡಿಸಿಕೊಡುವ ನೆರೆಮನೆಯ ಅಜ್ಜಿ, ಬಾಟಲಿಗೆ ಚೀಟಿ ಅಂಟಿಸುವ ಹುಡುಗಿ, ಇವರ ಮುಖ ಇವರ ಸ್ವತ್ತು. ಚಿತ್ರ ತೆಗೆಯುವ ಮುಂಚೆ ‘ಇದನ್ನು ಎಲ್ಲರಿಗೂ ಕಾಣೋ ಹಾಗೆ ಹಾಕ್ತೇನೆ, ಆಗಬಹುದಾ?’ ಎಂದು ಕೇಳಬೇಕು. ಬೇಡವೆಂದರೆ ಕೈಗಳನ್ನು ಮಾತ್ರ ತೋರಿಸಬಹುದು. ಒಪ್ಪಿದರೆ ಹೆಸರು ಹೇಳಿ ಗೌರವಿಸಬೇಕು. ಗಿರಾಕಿಯು ಖಾಸಗಿಯಾಗಿ ಬರೆದ ಮೆಚ್ಚುಗೆಗೂ ಇದೇ ನಿಯಮ.

ಇನ್ನು ಹಬ್ಬದ ಶುಭಾಶಯಗಳ ವಿಚಾರ. ಮುಂಜಾನೆ ಎದ್ದು ನೋಡಿದರೆ ಸಿಮೆಂಟಿನವರೂ ಸೀರೆಯವರೂ ಕಣ್ಣಿನ ಆಸ್ಪತ್ರೆಯವರೂ ಒಂದೇ ದೀಪದ ಚಿತ್ರವನ್ನು ಕಳುಹಿಸಿರುತ್ತಾರೆ. ಕೆಳಗಿನ ಹೆಸರನ್ನು ಬಿಟ್ಟರೆ ಭೇದವಿಲ್ಲ. ಸಮಯೋಚಿತವಾದ ಮಾತು ಬೇಡವೆಂದು ನಾನು ಹೇಳುತ್ತಿಲ್ಲ. 1966ರಲ್ಲಿ ಸಿಲ್ವೆಸ್ಟರ್ ಡಕುನ್ಹಾ ಅವರ ಬಳಗದವರು ಅಮೂಲ್ ಬೆಣ್ಣೆಗಾಗಿ ಆರಂಭಿಸಿದ ಪ್ರಚಾರದಲ್ಲಿ, ಚುಕ್ಕಿಯ ಲಂಗದ ಆ ಪುಟ್ಟ ಹುಡುಗಿ ಇಂದಿಗೂ ದೇಶದಲ್ಲಿ ನಡೆದ ಸಂಗತಿಗಳನ್ನು ಕುರಿತು ಚೇಷ್ಟೆಯ ಮಾತನಾಡುತ್ತಿದ್ದಾಳೆ. ಜನ ಕಾದು ನೋಡುತ್ತಾರೆ. ಆದರೆ ಆ ಮಾತು ಪ್ರತಿಸಲವೂ ತಿರುಗಿ ಬೆಣ್ಣೆಯ ಬಳಿಗೇ ಬರುತ್ತದೆಯೆಂಬುದನ್ನು ಗಮನಿಸಬೇಕು. ನಮ್ಮ ಗೃಹಿಣಿಗೆ ಜಗತ್ತಿನ ಸಂಗತಿಗಳೆಲ್ಲ ಬೇಕಾಗಿಲ್ಲ. ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಒಯ್ಯುವ ಅಡುಗೆಯ ಬುಟ್ಟಿ, ಮಲೆನಾಡಿನಲ್ಲಿ ದೊಡ್ಡಹಬ್ಬವೆಂದು ಕರೆಸಿಕೊಳ್ಳುವ ದೀಪಾವಳಿಯಲ್ಲಿ ಮನೆ ತುಂಬಿದ ನೆಂಟರಿಗೆ ಬಡಿಸುವ ಪಂಕ್ತಿ, ವೈಶಾಖದಲ್ಲಿ ಅಂಗಳದ ತುಂಬ ಹರವಿದ ಹಲಸಿನ ಹಪ್ಪಳ, ಅದನ್ನು ಕಾಯುವ ನೆಪದಲ್ಲಿ ಹಸಿಹಪ್ಪಳವನ್ನು ಮೆಲ್ಲುವ ಮಕ್ಕಳು, ಇವು ಅವಳ ಪಂಚಾಂಗದಲ್ಲಿ ಮಾತ್ರ ಇರುವ ದಿನಗಳು. ಸಿಮೆಂಟಿನವರಿಗೆ ಇವು ದೊರೆಯವು.

ಒಂದೆರಡು ಎಚ್ಚರಿಕೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಮಾತು ಸಾಲದೆ ಬಂದಾಗ ಉಪ್ಪಿನಕಾಯಿಗೆ ಔಷಧಗುಣಗಳನ್ನು ಆರೋಪಿಸುವ ಚಪಲ ಹುಟ್ಟುತ್ತದೆ. ಪಿತ್ತ ಶಮನ, ರಕ್ತ ಶುದ್ಧಿ ಇತ್ಯಾದಿ. ಆಹಾರದ ಜಾಹೀರಾತಿನಲ್ಲಿ ಹೇಳುವ ಗುಣಗಳನ್ನು ಕುರಿತು 2018ರಲ್ಲಿ ವಿಶೇಷ ನಿಯಮಗಳೇ ಹೊರಟಿವೆ. ರೋಗ ವಾಸಿಯಾಗುತ್ತದೆಂದು ಬಾಯಿಗೆ ಬಂದಂತೆ ಹೇಳುವಂತಿಲ್ಲ. ರುಚಿಯಾಗಿದೆಯೆಂದು ಹೇಳುವುದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲವಾದ್ದರಿಂದ ಅದನ್ನೇ ಹೇಳೋಣ. ಚಲಚ್ಚಿತ್ರದ ಹಾಡನ್ನು ಹಿನ್ನೆಲೆಗೆ ಹಾಕಿಕೊಂಡು ಕುಣಿಯುವುದನ್ನೂ ನಾನು ಅನುಮೋದಿಸಲಾರೆ. ಹಾಡಿನ ಹಕ್ಕು ಪರರದು, ಕುಣಿತ ವ್ಯಾಪಾರಕ್ಕೆ ಸಂಬಂಧಿಸಿದ್ದಲ್ಲ. ಒರಳಿನಲ್ಲಿ ಸಾಸಿವೆ ಅರೆಯುವ ಸದ್ದು, ಭರಣಿಯ ಮುಚ್ಚಳ ತೆಗೆದಾಗ ಮನೆಯವರು ಆಡುವ ಮಾತು, ಇವೇ ಸಾಲವೇ?

ಒಂದೇ ವಿಷಯವನ್ನು ಹಲವು ಕಡೆಗಳಲ್ಲಿ ಹಲವು ರೂಪದಿಂದ ಹೇಳಬಹುದೆಂಬುದೂ ಅನೇಕರಿಗೆ ಹೊಳೆಯುವುದಿಲ್ಲ. ‘ಎಣ್ಣೆಯಿಲ್ಲದೆ ಹೇಗೆ ಉಳಿಯುತ್ತದೆ?’ ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿರಿ. ಉಪ್ಪುನೀರನ್ನು ಕಾಯಿಸಿ ಆರಿಸುವ ಅರ್ಧ ನಿಮಿಷದ ದೃಶ್ಯ ಇನ್‌ಸ್ಟಾಗ್ರಾಂಗೆ. ಅಜ್ಜಿಯ ಕಾಲದಿಂದ ನಡೆದುಬಂದ ಕ್ರಮವನ್ನು ಕುರಿತ ನಾಲ್ಕು ಪ್ಯಾರಾ, ಸಾವಕಾಶವಾಗಿ ಓದುವ ನೆಂಟರಿಷ್ಟರಿರುವ ಫೇಸ್‌ಬುಕ್ಕಿಗೆ. ಬಾಟಲಿಯ ಚಿತ್ರ, ತೂಕ, ಬೆಲೆಗಳು ಇಪ್ಪತ್ತನಾಲ್ಕು ಗಂಟೆಗಳಲ್ಲಿ ಮಾಯವಾಗುವ ವಾಟ್ಸ್ಆಪ್ ಸ್ಟೇಟಸ್ಸಿಗೆ. ಮೂರು ಕಡೆಗೂ ಮೂರು ಹೊಸ ವಿಚಾರಗಳನ್ನು ಹುಡುಕಿ ಸುಸ್ತಾಗುವುದು ಅನಾವಶ್ಯಕ. ಆರು ತಿಂಗಳಾದ ಮೇಲೆ ಅದೇ ಪ್ರಶ್ನೆಗೆ ಮತ್ತೆ ಉತ್ತರ ಹೇಳಿದರೂ ಬಾಧಕವಿಲ್ಲ. ನಾವು ಹೇಳಿದ್ದನ್ನೆಲ್ಲ ಜನ ನೆನಪಿಟ್ಟುಕೊಂಡಿರುತ್ತಾರೆಂಬುದು ನಮ್ಮ ಅಹಂಕಾರದ ಕಲ್ಪನೆ.

ಹೇಳಿದ್ದು ಫಲಿಸಿತೋ ಇಲ್ಲವೋ ಎಂಬುದನ್ನು ತಿಳಿಯುವ ಬಗೆ ಯಾವುದು? ಲೈಕುಗಳನ್ನು ಎಣಿಸುವುದು ಸುಲಭ, ಆದರೆ ಲೈಕು ಕೊಟ್ಟವರಲ್ಲಿ ಅರ್ಧ ಜನ ಸೋದರತ್ತೆಯ ಮಕ್ಕಳಾಗಿರುತ್ತಾರೆ. ‘ನಮ್ಮ ವಿಷಯ ಎಲ್ಲಿ ನೋಡಿದಿರಿ?’ ಎಂದು ಹೊಸ ಗಿರಾಕಿಯನ್ನು ಕೇಳಿ, ಉತ್ತರವನ್ನು ಆರ್ಡರಿನ ಪಕ್ಕದಲ್ಲಿಯೇ ಬರೆದಿಟ್ಟರೆ, ಒಂದು ಋತು ಕಳೆಯುವಷ್ಟರಲ್ಲಿ ಯಾವ ಮಾತು ಬಾಟಲಿಯನ್ನು ಮಾರಿತು, ಯಾವ ಮಾತು ಬರಿಯ ಚಪ್ಪಾಳೆಯನ್ನು ತಂದಿತು ಎಂಬುದು ಕಾಣುತ್ತದೆ. ಚಪ್ಪಾಳೆಯನ್ನು ತಂದದ್ದನ್ನು ಬಿಟ್ಟೇಬಿಡಬೇಕೆಂದಲ್ಲ. ಮನುಷ್ಯನಿಗೆ ಅದೂ ಸ್ವಲ್ಪ ಬೇಕು.

ಕಡೆಯದಾಗಿ, ಏನನ್ನೂ ಪ್ರಕಟಿಸಲಾಗದ ದಿನಗಳ ಮಾತು. ಅಡಿಕೆಯ ಕೊಯ್ಲು ಬಂದಿತೆಂದರೆ ಆ ಸೀಮೆಯ ಮನೆಗಳಲ್ಲಿ ಹಗಲು ರಾತ್ರಿಗಳು ಒಂದಾಗುತ್ತವೆ. ಸುಲಿಯುವವರಿಗೆ ಊಟ, ಬೇಯಿಸುವ ಹಂಡೆಗೆ ಬೆಂಕಿ, ಅಂಗಳಕ್ಕೆ ಕಾವಲು. ದಿನಕ್ಕೊಂದು ಪೋಸ್ಟು ತಪ್ಪಿದರೆ ಜಾಲತಾಣ ನಮ್ಮನ್ನು ಮೂಲೆಗೆ ತಳ್ಳುತ್ತದೆಂಬ ಭಯದಿಂದ ಆಗಲೂ ಯಾವುದೋ ಗುಲಾಬಿಯ ಚಿತ್ರವನ್ನು ಹಾಕುವುದಕ್ಕಿಂತ, ‘ಕೊನೆಕೊಯ್ಲು ನಡೆದಿದೆ, ಸಂಕ್ರಾಂತಿಯವರೆಗೆ ಆರ್ಡರು ತೆಗೆದುಕೊಳ್ಳುವುದಿಲ್ಲ’ ಎಂದು ಸುಲಿಯುವ ಮೆಟ್ಟುಗತ್ತಿಯ ಚಿತ್ರದೊಡನೆ ಒಂದು ಸಾಲು ಬರೆದು ಸುಮ್ಮನಿರುವುದು ಮೇಲು. ಅದೇ ರೀತಿ, ಭರಣಿ ಬರಿದಾದ ದಿನ ‘ಈ ವರ್ಷದ ಮಿಡಿ ಮುಗಿಯಿತು’ ಎಂದು ಹೇಳುವುದಕ್ಕೂ ಸಂಕೋಚಪಡಬಾರದು. ಹೊರಗಿನಿಂದ ತಂದದ್ದನ್ನು ತನ್ನ ಬಾಟಲಿಗೆ ತುಂಬಿ ಕಳುಹಿಸದೆ, ಮುಗಿಯಿತೆಂದು ಹೇಳಿದವಳ ಖಾತೆಯ ಕೆಳಗೆ ಆ ದಿನವೇ ಮುಂದಿನ ಫಾಲ್ಗುಣಕ್ಕೆ ಹೆಸರು ಬರೆಸುವವರು ಬರತೊಡಗುತ್ತಾರೆ. ಅವರ ಹೆಸರುಗಳನ್ನು ತಪ್ಪದೆ ಪುಸ್ತಕದಲ್ಲಿ ಬರೆದುಕೊಂಡು, ಹೂ ಬಿಟ್ಟ ಮೊದಲ ಮರದ ಚಿತ್ರವನ್ನು ಅವರಿಗೇ ಮೊದಲು ಕಳುಹಿಸಬೇಕು.